ಒರಟುತನಕ್ಕೆ ತಕ್ಕ ಪದ

ಕೈಗೆ ತಾಗುವ ಗುಣಗಳ ಹೆಸರಿನಿಂದಲೇ ಮನುಷ್ಯನ ಸ್ವಭಾವವನ್ನೂ ವರ್ಣಿಸುವುದು ಹಲವು ಭಾಷೆಗಳ ರೂಢಿ. ಕನ್ನಡದಲ್ಲಿ ಗೋಣಿತಟ್ಟೂ ಒರಟು, ಗಾರೆಯ ಗೋಡೆಯೂ ಒರಟು, ಸಿಡುಕಿ ಮಾತನಾಡುವವನೂ ಒರಟು. ನಯವೆಂಬುದು ರೇಷ್ಮೆಯ ಗುಣವೂ ಹೌದು, ನಡತೆಯ ಗುಣವೂ ಹೌದು. ಇಂಗ್ಲಿಷಿನಲ್ಲಿಯೂ ಒಂದೇ ಪದ ಎಲ್ಲಕ್ಕೂ ಸಲ್ಲುವುದೆಂದು ನಂಬಿ, ನಾನೊಮ್ಮೆ ಸಜ್ಜನರೊಬ್ಬರ ಅನ್ನಕ್ಕೆ ಕಲ್ಲು ಹಾಕಿದೆನು.

1986ರ ಮಾತು. ಹುಬ್ಬಳ್ಳಿಯ ನಮ್ಮ ಜವಳಿ ಅಂಗಡಿಯಲ್ಲಿ ತಂದೆಯವರ ಕಾಲದಿಂದಲೂ ಇದ್ದ ಗುಮಾಸ್ತರೊಬ್ಬರು ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಸಹಿಸುತ್ತಿರಲಿಲ್ಲ. ಉದ್ರಿ ತೀರಿಸದ ಗಿರಾಕಿಯನ್ನು ಎಲ್ಲರೆದುರೇ ಗದರುವರು. ಆತ ತಲೆತಗ್ಗಿಸಿ ಹೊರಟರೆ ಕರೆದು, ಅವನ ಮಗುವಿನ ಅಂಗಿಯ ಬಟ್ಟೆಯನ್ನು ತಮ್ಮ ಪಗಾರದ ಖಾತೆಗೆ ಬರೆದುಕೊಳ್ಳುವರು. ಮಗಳನ್ನು ಬೆಂಗಳೂರಿನಲ್ಲಿ ಓದಿಸುವ ಆಸೆಯಿಂದ, ಅಲ್ಲಿಯ ಸಗಟು ವ್ಯಾಪಾರಿಯೊಬ್ಬರಲ್ಲಿ ಕೆಲಸ ಬಯಸಿ, ನನ್ನಿಂದ ಇಂಗ್ಲಿಷಿನಲ್ಲಿ ಶಿಫಾರಸು ಪತ್ರ ಕೇಳಿದರು. ಬಿ.ಕಾಂ. ಮುಗಿಸಿದ ನನಗೆ ನನ್ನ ವಾಣಿಜ್ಯ ಪತ್ರಲೇಖನದ ಬಗ್ಗೆ ಬಹಳ ಅಭಿಮಾನ. ಪ್ರಾಮಾಣಿಕರು, ಆದರೆ ಮಾತಿನಲ್ಲಿ 'ಕೋರ್ಸ್' ಎಂದು ಬರೆದೆನು.

ವ್ಯಾಸಂಗದ ಕೋರ್ಸಿನಂತೆಯೇ ಕೇಳಿಸುವ ಈ ಪದ ನನಗೆ ನೂಲಿನಿಂದ ಪರಿಚಿತವಾದುದು. 840 ಗಜದ ಎಷ್ಟು ಲಡಿಗಳು ಒಂದು ಪೌಂಡು ತೂಗುತ್ತವೆಯೋ ಅದು ಹತ್ತಿನೂಲಿನ ನಂಬರು. 10ನೇ ನಂಬರಿನ ದಪ್ಪ ನೂಲು ಕೋರ್ಸ್, 100ನೆಯದು ಫೈನ್. ದಪ್ಪವಾಗಿರುವುದು ನೂಲಿನ ದೋಷವಲ್ಲ. ಜಮಖಾನೆಗೆ ಅದೇ ಬೇಕು. ಆದರೆ ಅದೇ ಪದ ಮನುಷ್ಯನ ಮಾತಿಗೆ ಅಂಟಿದರೆ ಅಸಭ್ಯ, ಅಶ್ಲೀಲ ಎಂದಾಗುತ್ತದೆ. ಆ ವ್ಯಾಪಾರಿಗಳು ಹಾಗೆಯೇ ಓದಿಕೊಂಡರು. ಕೆಲಸ ತಪ್ಪಿತು. ಗುಮಾಸ್ತರು ಪತ್ರವನ್ನು ನನ್ನ ಮುಂದಿಟ್ಟು, "ಸಣ್ಣ ಸಾವಕಾರ್ರ, ಇದರಾಗ ನನ್ನ ಬಗ್ಗೆ ಏನಂತ ಬರದೀರಿ?" ಎಂದರು. ಅಂದು ಅವರ ದನಿಯಲ್ಲಿ ಗದರಿಕೆಯಿರಲಿಲ್ಲ.

ಆ ರಾತ್ರಿ ನಿಘಂಟು ತೆರೆದೆನು. ರಫ್ ಎಂದರೆ ಸಮತಟ್ಟಿಲ್ಲದ್ದು: ಹೆರೆಯದ ಹಲಗೆ, ಅಲೆಯೆದ್ದ ಕಡಲು, ತಿದ್ದದ ಕರಡು. ಹಾರ್ಷ್ ಎಂಬುದರಲ್ಲಿ ಕನಿಕರವಿಲ್ಲ: ಕಿವಿಗಿರಿಯುವ ದನಿ, ಕಣ್ಣು ಚುಚ್ಚುವ ಬೆಳಕು, ಕಠಿಣ ಶಿಕ್ಷೆ. ರೂಡ್ ಎಂಬುದರ ಮೂಲವಾದ ಲ್ಯಾಟಿನ್ ಪದಕ್ಕೆ ಇನ್ನೂ ಕೆತ್ತದ, ಹದಗೊಳಿಸದ ಎಂದರ್ಥ. ಇಂದು ಅದು ಮರ್ಯಾದೆಗೆಟ್ಟ ನಡತೆ. ಕ್ರೂಡ್ ಎಂದರೆ ಹಸಿಯಾದದ್ದು. ಎಣ್ಣೆಗಾದರೆ ಕಚ್ಚಾ, ಮಾತಿಗಾದರೆ ಹೊಲಸು. ಅಬ್ರೇಸಿವ್ ಎಂಬುದು ಮರಳು ಕಾಗದದ ಗುಣ. ಅಂಥವನ ಒಡನಾಟದಲ್ಲಿ ಎದುರಿನವನ ಮನಸ್ಸು ತರಚುತ್ತದೆ.

ಕೊನೆಗೆ ದೊರೆತದ್ದು 'ಗ್ರಫ್'. ಡಚ್ ಭಾಷೆಯಿಂದ ಬಂದ ಈ ಪದ ಹಿಂದೆ ನಮ್ಮಂಥ ವರ್ತಕರದೇ ಆಗಿತ್ತು. ಈಸ್ಟ್ ಇಂಡಿಯಾ ಕಂಪನಿಯವರು ಪೆಟ್ಲುಪ್ಪಿನಂತಹ ಸ್ಥೂಲ ಸರಕನ್ನು ಗ್ರಫ್ ಗೂಡ್ಸ್ ಎನ್ನುತ್ತಿದ್ದರು. ಇಂದು ಅದು ದನಿ ಗಡುಸಾದವರಿಗೆ ಸಲ್ಲುತ್ತದೆ. ಹೃದಯದ ಮೇಲೆ ಆರೋಪ ಹೊರಿಸುವುದಿಲ್ಲ. ನಮ್ಮ ಗುಮಾಸ್ತರಿಗೆ ತಕ್ಕ ಪದ ಅದೊಂದೇ.

ಪತ್ರವನ್ನು ತಿದ್ದಿ, ನಾನೇ ಬೆಂಗಳೂರಿಗೆ ಹೋಗಿ ಕ್ಷಮೆ ಕೇಳಿದೆನು. ಅಲ್ಲಿ ಸ್ಥಾನ ತುಂಬಿಹೋಗಿತ್ತು. ಬೇರೆಡೆ ಕೆಲಸ ಸಿಗುವ ವೇಳೆಗೆ ಮಗಳ ಓದಿನ ಒಂದು ವರ್ಷ ಕಳೆದಿತ್ತು.

ಶಬ್ದವೂ ಪುದ್ಗಲದ ಪರ್ಯಾಯವೆಂದೂ, ಪುದ್ಗಲಕ್ಕೆ ಸ್ನಿಗ್ಧ, ರೂಕ್ಷ ಮೊದಲಾಗಿ ಎಂಟು ಸ್ಪರ್ಶಗಳೆಂದೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದೆನು. ಅದರ ಅರಿವಾದದ್ದು ಆಗಲೇ. ಅವರ ಗದರಿಕೆಯಿಂದ ಯಾರ ಅನ್ನವೂ ಕೆಡಲಿಲ್ಲ. ದುಂಡಕ್ಷರದಲ್ಲಿ, ನಯವಾದ ಕಾಗದದ ಮೇಲೆ ನಾನು ಬರೆದ ಒಂದು ಪದ ಕೆಡಿಸಿತು. ಅಂದಿನಿಂದ ಯಾರ ವಿಷಯವಾಗಿ ಇಂಗ್ಲಿಷಿನಲ್ಲಿ ಬರೆದರೂ, ಅದನ್ನು ಕನ್ನಡದಲ್ಲಿ ಅವರಿಗೇ ಓದಿಹೇಳಿದ ಮೇಲೆಯೇ ಸಹಿ ಮಾಡುತ್ತೇನೆ.