ಜೋಂಬಾದ ತಗಡಿನ ಮನೆ

ಮಲಾವಿಯ ಜೋಂಬಾ ಹತ್ತಿರದ ಹಳ್ಳಿಶಾಲೆಯಲ್ಲಿ ಪಾಠ ಮಾಡಲು ಸ್ವಯಂಸೇವಕಿಯಾಗಿ ಬಂದ ನನಗೆ ಸಿಕ್ಕ ಮನೆ ಇದು. ಸುಟ್ಟ ಇಟ್ಟಿಗೆಯ ಗೋಡೆ, ತಗಡಿನ ಸೂರು, ಸಿಮೆಂಟ್ ನೆಲ. ಕರೆಂಟಿಲ್ಲ. ಸೊಳ್ಳೆಪರದೆ ಮಾತ್ರ ಬೇಕೇಬೇಕು. ಇಲ್ಲಿ ಮಲೇರಿಯಾ ವರ್ಷವಿಡೀ ಇರುತ್ತದೆ.

ನೀರು ಊರ ಕೈಪಂಪಿನದು. ನನ್ನ ನೆರೆಯಾಕೆ ತುಂಬಿದ ಬಕೆಟ್ಟನ್ನು ತಲೆಮೇಲಿಟ್ಟುಕೊಂಡು ಒಂದು ಹನಿ ಚೆಲ್ಲದೆ ನಡೆಯುತ್ತಾಳೆ. ಅವಳ ಮನೆಗೆ ಹುಲ್ಲಿನ ಸೂರು. ನಾನು 'ಸರಳ ಬದುಕು' ಅಂದುಕೊಂಡು ಬಂದಿದ್ದು ಅವಳ ಕಣ್ಣಿಗೆ ಅನುಕೂಲಸ್ಥರ ಮನೆ. ನಾನು ಬೇಕೆಂದಾಗ ಊರಿಗೆ ಹೊರಡಬಲ್ಲೆ, ಅವಳಿಗೆ ಇದೇ ಊರು. ಈ ವ್ಯತ್ಯಾಸವನ್ನು ದಿನವೂ ನೆನಪಿಟ್ಟುಕೊಳ್ಳಬೇಕು ಅನಿಸುತ್ತದೆ.

ಎನ್‌ಸಿಮಾ ಎಂಬ ಇಲ್ಲಿನ ಮುದ್ದೆ ತಿರುವಲು ಕಲಿಸಿದ್ದು ಅವಳೇ. ಬಿಳಿ ಮೆಕ್ಕೆಜೋಳದ ಹಿಟ್ಟಿನದು, ನಮ್ಮ ರಾಗಿಮುದ್ದೆಗಿಂತ ಮೆತ್ತಗೆ. ಜೊತೆಗೆ ಕುಂಬಳದ ಸೊಪ್ಪಿನ ಪಲ್ಯ, ಶೇಂಗಾಪುಡಿ ಹಾಕಿದ್ದು. ಎಷ್ಟು ರುಚಿ!

ಅಡುಗೆಯೆಲ್ಲ ಎಂಬವುಲಾದಲ್ಲಿ, ಅಂದರೆ ತಗಡಿನ ಇದ್ದಿಲೊಲೆಯಲ್ಲಿ. ಆ ಇದ್ದಿಲಿಗಾಗಿ ಸುತ್ತಲಿನ ಬೆಟ್ಟಗಳ ಮರಗಳು ಉರುಳುತ್ತಿವೆ. ಮರವಿಲ್ಲದ ಇಳಿಜಾರಿನ ಮಣ್ಣು ಜೋರು ಮಳೆಗೆ ಸುಲಭವಾಗಿ ಜಾರುತ್ತದೆ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂದಾಗ ದಕ್ಷಿಣ ಮಲಾವಿಯಲ್ಲಿ ಗುಡ್ಡಗಳು ಕುಸಿದು ಮನೆಗಳು ಮಣ್ಣಲ್ಲಿ ಹೂತವು. ಬರೀ ಇದ್ದಿಲನ್ನು ದೂರಿ ಪ್ರಯೋಜನವಿಲ್ಲ, ಬೇರೆ ಉರುವಲು ಕೈಗೆಟುಕುವ ಬೆಲೆಗೆ ಸಿಗಬೇಕಲ್ಲ. ನನ್ನಿಂದ ಆಗುವುದು ಸಣ್ಣದು: ಕಾಳನ್ನು ರಾತ್ರಿಯೇ ನೆನೆಹಾಕುತ್ತೇನೆ, ಎರಡು ಹೊತ್ತಿನ ಸಾರನ್ನು ಒಂದೇ ಬೆಂಕಿಯಲ್ಲಿ ಮಾಡಿಡುತ್ತೇನೆ. ನೆರೆಯಾಕೆಯ ಅಡುಗೆ ತಡವಾದರೆ ಅವಳ ಪಾತ್ರೆಯೂ ನನ್ನ ಒಲೆಗೇ ಬರುತ್ತದೆ.