ಗಡಿಗೆ ಜೊತೆ ಬಿಸಿನೆಸ್ ಟೂರು

ಬಿಸಿನೆಸ್ ಟೂರು ಅಂದರೆ ವಿಮಾನ, ಸೂಟ್‌ಕೇಸು, ಲ್ಯಾಪ್‌ಟಾಪು ಅಂದುಕೊಳ್ಳುವವರೇ ಹೆಚ್ಚು. ನನ್ನದು ಧಾರವಾಡದಿಂದ ಅಳ್ನಾವರದ ಕಡೆ ಹೊರಡುವ ಪ್ಯಾಸೆಂಜರ್ ಗಾಡಿ, ಖಾಲಿ ಚೀಲ, ಒಂದು ಹಿಡಿ ಸುತಳಿ. ಕ್ಯಾರಕೊಪ್ಪ ದಾಟಿದರೆ ಮುಗದ; ನಾನು ಮಾರಲು ಗಡಿಗೆ ತರುವುದು ಅಲ್ಲಿಂದಲೇ. ಗಡಿಗೆಗೆ ಸುತ್ತುವ ಹುಲ್ಲನ್ನು ಊರಿಂದ ಹೊರಬೇಕಿಲ್ಲ. ಭತ್ತದ ಸೀಮೆ ಅದು. ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ವಿಜ್ಞಾನಿಗಳು ಕಾಳು ನೋಡುತ್ತಾರೆ, ನಾನು ಹುಲ್ಲು ನೋಡುತ್ತೇನೆ.

ಗಡಿಗೆ ಕೊಳ್ಳುವವನು ಬೆರಳಿನ ಗೆಣ್ಣಿನಿಂದ ಬಡಿದು ನೋಡಬೇಕು. ‘ಠಣ್’ ಅಂದರೆ ಸುಟ್ಟಿದೆ, ‘ಡಬ್’ ಅಂದರೆ ಬಿರುಕಿದೆ. ಕುಂಬಾರ ಅಜ್ಜ ನನ್ನ ಉತ್ಸಾಹ ನೋಡಿ, “ಬಡೀರಿ ಸಾಹೇಬರ, ಆದರ ಸಾಲಗಾರನ ಕದಾ ಬಡದಂಗ ಬಡೀಬ್ಯಾಡ್ರಿ” ಅಂದ. ಕುಂಬಾರ ಗುಂಡಯ್ಯ ಗಡಿಗೆ ಬಡಿದರೆ ಶಿವನೇ ಕುಣಿದನೆಂದು ಹರಿಹರ ರಗಳೆ ಬರೆದ. ನಾನು ಬಡಿದರೆ ಕುಣಿಯುವುದು ರೇಟು ಮಾತ್ರ.

ಬೆಂಗಳೂರಿನ ಗಿರಾಕಿಗೆ ಡೆಲಿವರಿ ತಾರೀಖು ಬೇಕು. ಅಜ್ಜನನ್ನು ಕೇಳಿದರೆ ಮುಗಿಲು ನೋಡುತ್ತಾನೆ. ಶ್ರಾವಣದ ಜಿಟಿಜಿಟಿಯಲ್ಲಿ ಹಸಿ ಗಡಿಗೆ ಆರುವುದಿಲ್ಲ. ಆರದ್ದನ್ನು ಆವಿಗೆಗೆ ಇಟ್ಟರೆ ಒಳಗಿನ ತೇವ ಆವಿಯಾಗಿ ಒಡೆದುಹಾಕುತ್ತದೆ. ಇದನ್ನು ಇ-ಮೇಲಿನಲ್ಲಿ ವಿವರಿಸುವುದು ಹೇಗೆ? ‘ಮೋಡ ಕ್ಲಿಯರ್ ಆದ ಮೇಲೆ’ ಎಂದು ಬರೆದೆ. ಗಿರಾಕಿ ಸಾಫ್ಟ್‌ವೇರಿನವ, ಕ್ಲೌಡ್ ಸಮಸ್ಯೆಯೆಂದು ತಿಳಿದು ಸುಮ್ಮನಾದ.

ಹಿಂದೆ ಕುಂಬಾರರೇ ಸುಗ್ಗಿಯಲ್ಲಿ ಚಕ್ಕಡಿ ಹೂಡಿ ಹೊರಡುತ್ತಿದ್ದರಂತೆ. ಗಡಿಗೆ ಕೊಟ್ಟು, ಅದರ ತುಂಬ ಕಾಳು ಅಳೆಸಿಕೊಳ್ಳುವುದು. ಬೆಲೆ ಗಡಿಗೆಯ ಹೊಟ್ಟೆಯಲ್ಲೇ ಇತ್ತು, ಚೌಕಾಶಿಗೆ ಜಾಗವೇ ಇರಲಿಲ್ಲ. “ಈಗ ಚಕ್ಕಡೀನೂ ಇಲ್ಲ, ಕಾಳು ಅಳಿಯೋರೂ ಇಲ್ಲ. ನೀವs ಬರ್ತೀರಿ” ಅಂದ ಅಜ್ಜ. ಹೊಗಳಿದನೋ ಮರುಗಿದನೋ ತಿಳಿಯಲಿಲ್ಲ.

ವಾಪಸು ಗಾಡಿಯಲ್ಲಿ ಕಿಟಕಿ ಪಕ್ಕದ ಜಾಗ ನೀರು ತುಂಬುವ ಹರವಿಗೆ, ನನಗೆ ನಿಲ್ಲುವ ಜಾಗ. ಬಂದವರೆಲ್ಲ ಒಮ್ಮೆ ಬಡಿದು, “ಎಷ್ಟಕ್ಕ ತಂದ್ರಿ?” ಎಂದು ಕೇಳಿ, ಹೇಳಿದ್ದಕ್ಕೆ “ತುಟ್ಟಿ ಆತು” ಎಂದು ತೀರ್ಪು ಕೊಟ್ಟು ಇಳಿಯುತ್ತಾರೆ. ಅವರಲ್ಲೊಬ್ಬ ಬಾಟಲಿ ನೀರಿಗೆ ಚೌಕಾಶಿಯಿಲ್ಲದೆ ದುಡ್ಡು ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಧಾರವಾಡಕ್ಕೆ ಬಂದವರು ಫೇಡೆ ಒಯ್ಯದೆ ಹೋಗುವುದಿಲ್ಲ. ಇನ್ನೊಂದು ಕೈ ಖಾಲಿಯೇ ಇರುತ್ತದಲ್ಲ, ಅದರಲ್ಲಿ ಒಂದು ಹರವಿ ಹಿಡಿದುಕೊಳ್ಳಿ. ಮೊದಲ ರಾತ್ರಿಯ ನೀರು ಚೆಲ್ಲಿಬಿಡಿ, ಎರಡನೆಯದನ್ನು ಕುಡಿಯಿರಿ.