ೞಕಾರಕ್ಕೊಂದು ತೇಪೆ

ಬದನವಾಳಿನ ಖಾದಿ ಹರಿದರೆ, ಉಟ್ಟವರು ನೇಯ್ದವರ ಅಪ್ಪಣೆಯಿಲ್ಲದೆಯೇ ತೇಪೆ ಹಾಕಿಕೊಳ್ಳುತ್ತಾರೆ. ತಂತ್ರಾಂಶದ ಸಣ್ಣ ತಿದ್ದುಪಡಿಗೂ ‘ಪ್ಯಾಚ್’, ಅಂದರೆ ತೇಪೆ, ಎಂದೇ ಹೆಸರು. ಹಳಗನ್ನಡದ ಅಧ್ಯೇತೃಗಳಿಗೂ ಇದು ಬೇಕಾದದ್ದೇ. ಕೇಶಿರಾಜನು ಕುಳ, ಕ್ಷಳಗಳಿಂದ ಬೇರ್ಪಡಿಸಿ ‘ರಳ’ವೆಂದು ಗುರುತಿಸಿದ ೞಕಾರಕ್ಕೆ ಯೂನಿಕೋಡ್ ಪಟ್ಟಿಯು ‘ಫ಼’ ಎಂದು ತಪ್ಪಾಗಿ ನಾಮಕರಣ ಮಾಡಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ತಪ್ಪು ತಪ್ಪಾಗಿಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಪಕ್ಕದಲ್ಲಿ ನಿಂತಿದೆ. ಈಮ್ಯಾಕ್ಸ್‌ನಂತಹ ಸ್ವತಂತ್ರ ಪಠ್ಯಸಂಪಾದಕದಲ್ಲಾದರೋ (ಗ್ರಂಥಸಂಪಾದನೆ ಬಲ್ಲವರಿಗೆ ಈ ಪದ ಪರಕೀಯವಲ್ಲ) ಆಕರಸಂಕೇತ ಎಲ್ಲರಿಗೂ ತೆರೆದಿದೆ. ಕನ್ನಡದ ಕೀಲಿವಿನ್ಯಾಸಕ್ಕೆ ಒಂದೆರಡು ಸಾಲು ಸೇರಿಸಿ ಕಳುಹಿಸಬಹುದು; ಸುಮಾರು 15 ಸಾಲಿನೊಳಗಿನ ತಿದ್ದುಪಡಿಗೆ ಹಕ್ಕುಸ್ವಾಮ್ಯ ವರ್ಗಾವಣೆಯ ಪತ್ರವೂ ಬೇಕಿಲ್ಲ. ಆ ಸಾಲು ಬರೆಯುವವರಿಗೆ ರಳ-ಕುಳಗಳ ಭೇದ ತಿಳಿದಿರಬೇಕು, ಅಷ್ಟೆ. ಅದನ್ನು ಬಲ್ಲವರು ಕನ್ನಡ ವಿಭಾಗಗಳಲ್ಲಿಯೇ ಇದ್ದಾರೆ.